ಎಡಬಾಗಿಲಿನ ನೆಗ್ಗು

ನನ್ನ ಮೇಜಿನ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಮಕ್ಕಳ ರೂಮಿಗಾ?" ಕೇಳಿದ ತಕ್ಷಣ ನನಗೆ ಮೈಯೆಲ್ಲ ಉರಿಯುತ್ತದೆ. ಭಾನುವಾರ ಪಾರ್ಕಿನ ಗೇಟಿನ ಪಕ್ಕ ಮೇಜು ಹಾಕಿಕೊಂಡು ಕೂರುವ ನಾನು ಕಾರುಗಳನ್ನೂ ರಾಕ್ಷಸರನ್ನೂ ಜಲವರ್ಣದಲ್ಲಿ ಬರೆದು ಮಾರುತ್ತೇನೆ. ಲೈಸೆನ್ಸ್ ಮರೆತು ಬಂದು ಬೆವರುತ್ತಿರುವ ಮೂರು ಕಣ್ಣಿನವನು, ಪಾರ್ಕಿಂಗ್ ಸಿಗದೆ ಅಳುತ್ತಿರುವ ಕೊಂಬಿನ ರಾಕ್ಷಸಿ, ಪುಟ್ಟ ಕಾರಿನ ಚಾವಣಿ ತೂತು ಮಾಡಿ ತಲೆ ಹೊರಗೆ ಹಾಕಿ ದಾರಿ ಕೇಳುತ್ತಿರುವ ಎರಡಾಳೆತ್ತರದವನು. ಇವೆಲ್ಲ ಮಕ್ಕಳ ಕಷ್ಟಗಳೇನು? ಆದರೆ ವ್ಯಾಪಾರ ನೋಡಿ, ಹಲ್ಲು ಕಚ್ಚಿಕೊಂಡು "ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ" ಅನ್ನುತ್ತೇನೆ.

ಯಾರಾದರೂ ತಮ್ಮ ಕಾರಿನ ಫೋಟೋ ಕೊಟ್ಟರೆ ಅದನ್ನೇ ಬರೆದು, ಒಪ್ಪುವ ರಾಕ್ಷಸನನ್ನು ಕೂರಿಸಿ ಕೊಡುವುದೂ ಉಂಟು. ನಾನು ಬರೆಯುವ ಕೋಣೆ ಅಪ್ಪನ ಗ್ಯಾರೇಜಿನ ಮೇಲಿದೆ. ಅಪ್ಪ ನಲವತ್ತು ವರ್ಷ ಕಾರುಗಳ ನೆಗ್ಗು ತೆಗೆದವನು. ಈಗ ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟಿದ್ದಾನೆ, ಗ್ಯಾರೇಜು ಬಿಟ್ಟಿಲ್ಲ. ಊಟವಾದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು ನನ್ನ ಚಿತ್ರಗಳ ತಪಾಸಣೆ ಮಾಡುತ್ತಾನೆ. ರಾಕ್ಷಸರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ಬಂಪರ್ ಸೊಟ್ಟ ಇದೆ." "ಈ ಬಾಗಿಲು ಸರಿಯಾಗಿ ಕೂತಿಲ್ಲ." ಇಷ್ಟೇ ಅವನ ವಿಮರ್ಶೆ.

"ಇದು ಕಾಗದ ಕಣಪ್ಪ, ಯಾರೂ ಓಡ್ಸಲ್ಲ" ಎಂದರೆ, "ಕಾಗದ ಆದ್ರೇನು, ನಮ್ಮ ಗ್ಯಾರೇಜಿಂದ ಹೋಗೋ ಗಾಡಿ ತಾನೆ?" ಅನ್ನುತ್ತಾನೆ.

ಹೀಗಿರುವಾಗ ಒಂದು ಭಾನುವಾರ ನನ್ನ ಮೇಜಿಗೆ ಒಬ್ಬ ಟೀಚರ್ ಬಂದರು. ಗಣಿತ ಕಲಿಸಿ ನಿವೃತ್ತರಾದವರು, ಮಾತಿನಲ್ಲಿ ಅಳತೆ ಜಾಸ್ತಿ. ಅವರು ಕೊಟ್ಟ ಫೋಟೋದಲ್ಲಿ ಎಡಗಡೆಯಿಂದ ತೆಗೆದ ಹಳೆಯ ನೀಲಿ ಕಾರು.

"ಗಾಡಿ ಮಾರಿಬಿಟ್ವಿ. ಗೋಡೆ ಮೇಲಾದ್ರೂ ಇರ್ಲಿ ಅಂತ. ಇದ್ದ ಹಾಗೇ ಬರೀಬೇಕು. ಓಡಿಸೋ ರಾಕ್ಷಸಿ ನನ್ನ ಹಾಗಿದ್ರೆ ಬೇಜಾರಿಲ್ಲ. ಪಕ್ಕದಲ್ಲಿ ನಮ್ಮನೆಯವರು ಕೂತಿರ್ಲಿ."

ಮಕ್ಕಳ ರೂಮಿನ ಸುದ್ದಿಯನ್ನೇ ಎತ್ತಲಿಲ್ಲ. ಅಷ್ಟಕ್ಕೇ ಅವರು ನನಗೆ ಇಷ್ಟವಾಗಿಬಿಟ್ಟರು.

ಮನಸ್ಸಿಟ್ಟು ಬರೆದೆ. ನಾಲಿಗೆಯ ತುದಿ ಹೊರಗೆ ಹಾಕಿ, ಸ್ಟೀರಿಂಗಿನ ಕುತ್ತಿಗೆ ಹಿಸುಕುವವಳಂತೆ ಕೂತ ಕನ್ನಡಕದ ಹಸಿರು ರಾಕ್ಷಸಿ. ಪಕ್ಕದಲ್ಲಿ ಎರಡೂ ಕಾಲು ಎತ್ತಿ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡ ಬೋಳುತಲೆಯ ರಾಕ್ಷಸ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ "ಚೊಕ್ಕವಾಗಿದೆ" ಎಂದ. ಹುಟ್ಟಿದ ಮೇಲೆ ಅವನ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು.

ಮುಂದಿನ ವಾರ ಮೇಜಿಗೆ ಬಂದ ಟೀಚರ್ ಚಿತ್ರ ನೋಡಿ ನಕ್ಕರು. ಆಮೇಲೆ ಅವರ ಬೆರಳು ಕಾರಿನ ಎಡಬಾಗಿಲಿನ ಮೇಲೆ ಹೋಯಿತು, ನಗು ನಿಂತಿತು.

"ಇಲ್ಲೊಂದು ನೆಗ್ಗಿತ್ತಲ್ಲಮ್ಮ."

"ತೆಗೆದುಬಿಟ್ಟೆ ಟೀಚರ್. ನಮ್ಮಲ್ಲಿ ಅದು ಫ್ರೀ" ಎಂದು ಹಲ್ಲು ಕಿರಿದೆ. ನಿಜ ಹೇಳಬೇಕೆಂದರೆ, ತೆಗೆದದ್ದು ನನಗೇ ಗೊತ್ತಿರಲಿಲ್ಲ. ನೆಗ್ಗಿದ್ದನ್ನು ಕಂಡರೆ ಕೈ ತಾನಾಗಿ ಸರಿಮಾಡುವ ಮನೆಯಲ್ಲಿ ಹುಟ್ಟಿದವಳು ನಾನು.

ಅವರು ಸ್ಟೂಲಿನ ಮೇಲೆ ಕೂತರು. "ಐವತ್ತೆರಡಕ್ಕೆ ಡ್ರೈವಿಂಗ್ ಕಲಿತೋಳು ನಾನು. ಕಲಿಸಿದ್ದು ಅವರೇ. ಮೊದಲ್ನೇ ದಿನಾನೇ ನಮ್ಮ ಗೇಟಿನ ಕಂಬಕ್ಕೆ ಉಜ್ಜಿದೆ. ರಿಪೇರಿಗೆ ಬಿಡಕ್ಕೆ ಒಪ್ಪಲೇ ಇಲ್ಲ ಪುಣ್ಯಾತ್ಮ. ಮನೆಗೆ ಬಂದೋರಿಗೆಲ್ಲ ತೋರಿಸಿ, ಇದು ನಮ್ಮ ಮೇಡಮ್ಮೋರ ಸಹಿ ಅಂತ ನಗೋರು. ಈಗ ಎರಡು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ನನ್ನನ್ನ ನರ್ಸ್ ಅಂದ್ಕೊಂಡಿದಾರೆ. ಆದ್ರೂ ದಿನಕ್ಕೊಂದು ಸಲ ಹೋಗಿ ಆ ನೆಗ್ಗಿನಲ್ಲಿ ಕೈಯಿಟ್ಟು, ನನ್ನ ಕಡೆ ತಿರುಗಿ ನಗ್ತಿದ್ರು. ಆಗ ಮಾತ್ರ ನಾನ್ಯಾರು ಅಂತ ಗೊತ್ತಾಗ್ತಿತ್ತು. ಆಮೇಲೆ ಕೀ ಹುಡುಕಿ ಗಾಡಿ ತೆಗೆಯಕ್ಕೆ ಶುರು ಮಾಡಿದ್ರು. ಹೆದರಿ ಮಾರಿದ್ವಿ. ಅವತ್ತಿಂದ ಒಂದು ಸಲಾನೂ ನಕ್ಕಿಲ್ಲ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಜಂಬದಿಂದ ಫ್ರೀ ಎಂದವಳು ತಲೆ ತಗ್ಗಿಸಿ ನಿಂತೆ. "ಪರವಾಗಿಲ್ಲ, ಇದನ್ನೇ ಕೊಡು" ಎಂದರು ಟೀಚರ್. ನಾನು ಕೊಡಲಿಲ್ಲ. ಮುಂದಿನ ಭಾನುವಾರ ಬೇರೆಯದನ್ನು ಮನೆಗೇ ತರುತ್ತೇನೆಂದು ಹೇಳಿ ಕಳಿಸಿದೆ.

ಈ ಸಲ ಹಾಳೆ ದೊಡ್ಡದು, ಬಾಗಿಲೊಂದೇ ಅಂಗೈಯಗಲ. ಆದರೆ ನೆಗ್ಗು ಬರಬೇಕಲ್ಲ. ಮೊದಲ ಹಾಳೆಯಲ್ಲಿ ಅದು ಕೆಸರು ಸಿಡಿದ ಹಾಗೆ ಕಂಡಿತು. ಎರಡನೆಯದರಲ್ಲಿ ಬಾಗಿಲಿಗೆ ಹಲ್ಲುನೋವು ಬಂದು ಕೆನ್ನೆ ಊದಿದ ಹಾಗೆ. ಜಲವರ್ಣದಲ್ಲಿ ಬಿಳಿ ಅನ್ನುವುದು ಹಚ್ಚುವ ಬಣ್ಣವಲ್ಲ, ಹಚ್ಚದೆ ಬಿಟ್ಟ ಕಾಗದ. ಒಮ್ಮೆ ತಪ್ಪಿ ಮುಚ್ಚಿದರೆ ಮುಗಿಯಿತು. ಮೂರನೆಯದನ್ನು ಹರಿದು ಬಿಸಾಕಿದೆ. ಮೆಟ್ಟಿಲು ಹತ್ತಿ ಬರುತ್ತಿದ್ದ ಅಪ್ಪನ ಕಾಲಬುಡದಲ್ಲಿ ಬಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ಚೊಕ್ಕವಾಗಿದೆ ಎಂದವನು ತಾನೇ ಎಂಬುದು ಅವನಿಗೂ ನೆನಪಾಗಿರಬೇಕು, ಹರಿದ ಹಾಳೆಯನ್ನು ಎತ್ತಿ ಜೋಡಿಸಿ ನೋಡಿದ.

"ನೆಗ್ಗಿಗೆ ಬಣ್ಣ ಇರಲ್ಲ ಕಣೆ. ಅಲ್ಲಿ ಬೆಳಕು ಬಗ್ಗುತ್ತೆ, ಅಷ್ಟೇ. ಕೆಳಗೆ ಬಾ."

ಗುಜರಿಯ ರಾಶಿಯಿಂದ ನನ್ನ ಕೈಲಿ ಒಂದು ನೀಲಿ ಬಾಗಿಲು ಎಳೆಸಿ ಗೋಡೆಗೆ ಒರಗಿಸಿದ. ಟ್ಯೂಬ್‌ಲೈಟ್ ಹಾಕಿದ. ಅದರ ಬೆಳಕು ತಗಡಿನ ಮೇಲೆ ನೆಟ್ಟಗೆ ಒಂದು ಗೆರೆಯಾಗಿ ಬಿತ್ತು. ಅಪ್ಪ ಮರದ ಸುತ್ತಿಗೆ ಎತ್ತಿದ, ಇಳಿಸಿದ, ಮತ್ತೆ ಎತ್ತಿ ಮೆಲ್ಲಗೆ ಹೊಡೆದ. ತಗಡಿಗೆ ಏನೂ ಆಗಲಿಲ್ಲ.

"ಏನಪ್ಪ, ಒಳಗೆ ಯಾರಾದ್ರೂ ಇದಾರಾ ಅಂತ ತಟ್ತಿದೀಯಾ?"

"ಸುಮ್ನಿರೇ. ನಲವತ್ತು ವರ್ಷದಲ್ಲಿ ಒಂದೂ ನೆಗ್ಗು ಮಾಡಿದೋನಲ್ಲ. ಕೈ ಒಪ್ಪಬೇಕಲ್ಲ."

ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಹೊಡೆದ. ನೆಟ್ಟಗಿದ್ದ ಬೆಳಕಿನ ಗೆರೆ ಅಲ್ಲಿ ಸಡಿಲವಾದ ದಾರದಂತೆ ಜೋತುಬಿದ್ದು, ಎರಡಾಗಿ, ಆಚೆ ಮತ್ತೆ ಒಂದಾಯಿತು. ಅಪ್ಪ ನನ್ನ ಕೈ ಹಿಡಿದು ಅದರ ಮೇಲಿಟ್ಟ. "ಅಂಚಲ್ಲಿ ಬೆಳಕು ಗಟ್ಟಿ, ಒಳಗೆ ತೆಳು. ಗೊತ್ತಾಯ್ತಾ?" ಅವನಿಗೆ ಏದುಸಿರು ಬರುತ್ತಿತ್ತು. ನನಗೆ ಅಳು ಬಂತು. ತೋರಿಸಿಕೊಳ್ಳದೆ ಬಣ್ಣದ ಡಬ್ಬಿ ತಂದು ಅಲ್ಲೇ ನೆಲದ ಮೇಲೆ ಕೂತು ಬರೆದೆ.

ಚೌಕಟ್ಟಿಗೆ ಗಾಜು ಹಾಕಬಾರದೆಂದು ಅಪ್ಪ ಹಟ ಹಿಡಿದ. "ಗಾಜು ಹಾಕಿದ್ರೆ ಆ ಮನುಷ್ಯನ ಕೈಗೆ ಏನು ಸಿಗುತ್ತೆ?" ಗಾಜಿಲ್ಲದ ಜಲವರ್ಣ ಬಾಳಿಕೆ ಬರುವುದಿಲ್ಲ ಎಂದು ಅರ್ಧ ಗಂಟೆ ಜಗಳವಾಡಿ ಸೋತೆ.

ಭಾನುವಾರ ಪಾರ್ಕಿನ ಮುಂದೆ ಮೇಜು ಹಾಕಲಿಲ್ಲ. "ಡೆಲಿವರಿಗೆ ನಾನೂ ಬರ್ತೀನಿ" ಎಂದು ಅಪ್ಪ ಒಗೆದ ಶರ್ಟು ಹಾಕಿಕೊಂಡು ಹೊರಟ. ಟೀಚರ್ ಮನೆಯಲ್ಲಿ ಅವರ ಯಜಮಾನರು ಕಿಟಕಿಯ ಪಕ್ಕ ಕೂತಿದ್ದರು, ಮೊದಲೇ ಹೊಡೆದಿಟ್ಟ ಮೊಳೆಗೆ ಚಿತ್ರ ತೂಗುಹಾಕಿ ಅವರನ್ನು ಎಬ್ಬಿಸಿ ನಿಲ್ಲಿಸಿದೆವು. ಅವರು ರಾಕ್ಷಸಿಯನ್ನು ನೋಡಿದರು. ಬೋಳುತಲೆಯವನನ್ನು ನೋಡಿದರು. ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು. ಟೀಚರ್ "ಹೋಗ್ಲಿ ಬಿಡಮ್ಮ, ಕಾಫಿ ತರ್ತೀನಿ" ಎಂದು ಒಳಗೆ ಹೊರಟರು.

ಆಗ ಯಜಮಾನರ ಕೈ ಮೇಲೆದ್ದಿತು. ಬೆರಳುಗಳು ಎಡಬಾಗಿಲಿನ ಮೇಲೆ ಕೂತವು, ನೆಗ್ಗಿನ ಅಂಚನ್ನು ಒಂದು ಸುತ್ತು ಸುತ್ತಿದವು. ಅವರು ತಿರುಗಿ ಅಪ್ಪನ ಮುಖ ನೋಡಿದರು, ಮಸಿ ಹಿಡಿದ ಉಗುರುಗಳನ್ನು ನೋಡಿದರು. ಮೆಕ್ಯಾನಿಕ್ ಎಂದು ಗೊತ್ತಾಗಿಹೋಯಿತು.

"ನೋಡಿ, ಉಳಿದಿದ್ದೆಲ್ಲ ರಿಪೇರಿ ಮಾಡಿ. ಇದೊಂದನ್ನ ಮುಟ್ಟಬೇಡಿ. ನಮ್ಮ ಮೇಡಮ್ಮೋರ ಸಹಿ ಇದು."

ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಆಯ್ತು ಸಾರ್. ಮುಟ್ಟಲ್ಲ."

ಅವರು ನೆಗ್ಗಿನಿಂದ ಕೈ ತೆಗೆಯದೆ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದ ಟೀಚರ್ ಕಡೆ ತಿರುಗಿ ನಕ್ಕರು.