ಹನ್ನೊಂದನೆಯ ಪುಟದ ಅಲ್ಪವಿರಾಮ

ಬೀದಿಯಲ್ಲಿ ಕಾರೊಂದು ಬಂದು ನಿಂತು ಅದರ ಬಾಗಿಲು ಹಾಕಿದ ಸದ್ದು ಕೇಳಿದರೆ, ಒಳಕೋಣೆಯಲ್ಲಿ ಕುಳಿತವರೂ ಅದು ನಮ್ಮ ಕಾರ್ಖಾನೆಯದೋ ಅಲ್ಲವೋ ಎಂದು ಹೇಳಿಬಿಡುತ್ತಾರೆ. ದಪ್ಪ ಪುಸ್ತಕವೊಂದನ್ನು ಓದಿ ಮುಗಿಸಿ ಎರಡು ಅಂಗೈಗಳ ನಡುವೆ ಮಡಿಚಿದಂಥ ಸದ್ದು ಅದು. ನಲವತ್ತಾರು ವರ್ಷಗಳಿಂದ ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಣ್ಣದೊಂದು ಕಿಡಿ ಕದಲುತ್ತದೆ. ಸದ್ದು ನನ್ನ ಭಾವನದು, ಎಂದರೆ ಅಕ್ಕನ ಗಂಡನದು. ಅದರ ಬಗ್ಗೆ ನನಗೆ ತಕರಾರಿಲ್ಲ. ಸದ್ದಿನ ಜೊತೆಗೆ ಜನರ ಬಾಯಲ್ಲಿ ಬರುವ ಮಾತು ಮಾತ್ರ ನನ್ನದು ಎಂದು ನಾನು ನಂಬಿದ್ದೆ.

ಮಾತು ಚಿಕ್ಕದು: "ಮೆಲ್ಲಗೆ ಹಾಕಿ, ಸಾಕು." ಅದರಲ್ಲಿ ಬಾಗಿಲು ಎಂಬ ಪದವೇ ಇಲ್ಲ, ಯಾರು, ಏನನ್ನು ಎಂಬ ವಿವರವೂ ಇಲ್ಲ. ಆದರೂ ಹೆದ್ದಾರಿಯ ಫಲಕದಿಂದ ಹಿಡಿದು ಕೀಲಿಕೈ ಗೊಂಚಲಿನವರೆಗೆ ಎಲ್ಲೆಲ್ಲೂ ಅದೇ. ತಾಯಂದಿರು ಮಕ್ಕಳಿಗೆ, ನರ್ಸುಗಳು ರೋಗಿಯನ್ನು ನೋಡಲು ಬಂದವರಿಗೆ ಅದನ್ನೇ ಹೇಳುತ್ತಾರೆ. ಭಾವ ಪತ್ರಿಕೆಯವನೊಬ್ಬನ ಎದುರು ಒಂದೇ ಬೆರಳಿನಿಂದ ಬಾಗಿಲು ಹಾಕಿ ಆ ಮಾತಾಡಿದರೆಂಬುದು ಎಲ್ಲರೂ ಬಲ್ಲ ಕತೆ. ಪತ್ರಿಕೆಯವನು ಬರುವ ಮೂರು ವಾರ ಮೊದಲೇ ನಾನು ಬರೆದ ಕೈಪಿಡಿ ಅಚ್ಚಾಗಿತ್ತೆಂದೂ, ಅದರ ಹನ್ನೊಂದನೆಯ ಪುಟದಲ್ಲಿ ಆ ಸಾಲು ಇತ್ತೆಂದೂ ಯಾರೂ ಗಮನಿಸಲಿಲ್ಲ. ಕಾರಿನ ಕೈಪಿಡಿಯನ್ನು ಯಾರು ಓದುತ್ತಾರೆ?

ಈಗ ಕಾರ್ಖಾನೆಗೆ ಐವತ್ತು ತುಂಬುತ್ತಿದೆ. ಪ್ರಚಾರ ವಿಭಾಗದ ಮೇಡಂ ನನ್ನ ಮನೆಗೇ ಬಂದು, "ಮೊದಲಿನಿಂದ ನೋಡಿದವರು ಇನ್ಯಾರಿದ್ದಾರೆ ಸರ್? ಚರಿತ್ರೆ ನೀವೇ ಬರೀಬೇಕು," ಎಂದರು. ಹೊಸ ಫಲಕದ ಚಿತ್ರವನ್ನೂ ತೋರಿಸಿದರು. ಅದರಲ್ಲಿ ನಡುವಿನ ಅಲ್ಪವಿರಾಮ ಇರಲಿಲ್ಲ.

"ಕಾಮಾ ಎಲ್ಲಿ ಹೋಯ್ತು?"

"ತೆಗೆದು ತುಂಬಾ ವರ್ಷ ಆಯ್ತಲ್ಲ ಸರ್. ದೂರದಿಂದ ನೊಣ ಕೂತ ಹಾಗೆ ಕಾಣ್ತಿತ್ತು."

ನಾನು ಚಿತ್ರವನ್ನು ಮರಳಿಸಿದೆ. ಆ ಸಾಲಿನ ಎದುರು ಯಾರ ಹೆಸರು ಅಚ್ಚಾಗಬೇಕೆಂಬುದು ಕೊನೆಗೂ ನನ್ನ ಕೈಗೆ ಬಂದಿತ್ತು; ಮಿಕ್ಕದ್ದೆಲ್ಲ ಆಮೇಲೆ.

ಮೊದಲ ಅಧ್ಯಾಯಗಳು ಸರಾಗವಾಗಿ ಸಾಗಿದವು. ನಮ್ಮ ಯಜಮಾನರು ಮೂಲತಃ ಕಬ್ಬಿಣದ ಬೀರು ತಯಾರಿಸುತ್ತಿದ್ದವರು. ಬೀರುವಿಗೆ ನಾಲ್ಕು ಚಕ್ರ ಹಚ್ಚಿದರೆ ಕಾರಾಗುತ್ತದೆಂದು ಅವರು ಭಾವಿಸಿದ್ದಿರಬೇಕು; ನಮ್ಮ ಮೊದಲ ಕಾರು ನೋಡಲೂ ಹಾಗೆಯೇ ಇತ್ತು. ಅದರ ಬಾಗಿಲನ್ನು ಭುಜ ಕೊಟ್ಟು ಬಡಿಯಬೇಕಿತ್ತು. ಬಡಿದರೂ ಆರು ತಿಂಗಳಲ್ಲಿ ಚಿಲಕ ಸಡಿಲಗೊಂಡು, ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಜನ ಹಗ್ಗ ಕಟ್ಟಿಕೊಂಡು ಓಡಿಸಿದರು. ಹಗ್ಗದ ಕಾರು ಎಂದೇ ಹೆಸರಾಯಿತು. "ನಿಮ್ಮ ಕಾರು ತಗೊಂಡ್ರೆ ಹಗ್ಗ ಪುಕ್ಕಟೆನಾ, ಬೇರೆ ತರ್ಬೇಕಾ?" ಎಂದು ನಮ್ಮ ಮಳಿಗೆಗೇ ಬಂದು ಕೇಳುವವರಿದ್ದರು. ಮಾರಾಟ ನಿಂತಿತು. ಕಾರ್ಖಾನೆ ಮುಚ್ಚುತ್ತದೆಂಬ ಸುದ್ದಿ ಹಬ್ಬಿ, ಆ ವರ್ಷ ನಮ್ಮಲ್ಲಿ 'ಮುಚ್ಚು' ಎಂಬ ಪದವನ್ನೇ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳಕ್ಕೂ 'ಅದರ ಮೇಲಿನದು' ಎನ್ನುತ್ತಿದ್ದರು.

ಆಗ ಯಜಮಾನರು ಬೀರು ವಿಭಾಗದಲ್ಲಿದ್ದ ಭಾವನನ್ನು ಕರೆದು, ಹೊಸ ಕಾರಿನ ನಾಲ್ಕು ಬಾಗಿಲುಗಳನ್ನು ಅವರಿಗೆ ಒಪ್ಪಿಸಿದರು. ಎಂಟು ತಿಂಗಳು ಭಾವ ಚಿಲಕದ ಹಲ್ಲನ್ನು ಅರದಿಂದ ಉಜ್ಜಿದರು, ಅಂಚಿನ ರಬ್ಬರ್ ಪಟ್ಟಿ ಬದಲಿಸಿದರು, ಬಾಗಿಲಿಗೆ ಕಿವಿಯಾನಿಸಿ ಹಾಕಿ ಹಾಕಿ ಕೇಳಿದರು. ಬಾಗಿಲು ಬಿಗಿಯಾಗಿ ಕೂತಿದೆಯೇ ಎಂದು ತಿಳಿಯಲು ನಡುವೆ ಒಂದು ಹಾಳೆ ಸಿಕ್ಕಿಸಿ ಎಳೆಯುತ್ತಿದ್ದರು. ಹಾಳೆ ಜಾರಿ ಬಂದರೆ ಮತ್ತೆ ಅರ. ಆ ಹಾಳೆಗಳನ್ನು ಅವರು ಕೇಳದೆ ಒಯ್ಯುತ್ತಿದ್ದುದು ನನ್ನ ಮೇಜಿನಿಂದ. ನಾನಾಗ ಅದೇ ಕಾರಿನ ಕೈಪಿಡಿ ಬರೆಯುತ್ತಿದ್ದೆ.

ಕಾರು ಬೀದಿಗೆ ಬಂತು. ಎರಡೇ ವರ್ಷದಲ್ಲಿ ಹಗ್ಗದ ಮಾತು ಅಡಗಿತು. ಕಾರ್ಮಿಕರು ಭಾವನನ್ನು ಪ್ರೀತಿಯಿಂದ ಬಾಗಿಲಯ್ಯ ಎಂದರು. ನನಗೂ ಒಂದು ಅಡ್ಡಹೆಸರು ದಕ್ಕಿತು: ಕೈಪಿಡಿ. ಅದರಲ್ಲಿ ಪ್ರೀತಿ ಎಷ್ಟಿತ್ತೋ ಹೇಳಲಾರೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ಅಸೂಯೆಯೂ ಕೆಲಸದ ವೇಳೆಗೆ ಸೀಮಿತವಾಗಿ ಉಳಿಯುತ್ತಿತ್ತೇನೋ. ಆದರೆ ಮದುವೆಗೆ ಮುಂಚೆ ನನ್ನ ಪದ್ಯಗಳಿಗೆ ಅಕ್ಕನೇ ಮೊದಲ ಕಿವಿ. ಬಟ್ಟೆ ಮಡಿಚುತ್ತ ಕೇಳುತ್ತಿದ್ದವಳು ಒಮ್ಮೊಮ್ಮೆ ಕೈಯೆತ್ತಿ, "ಇಲ್ಲಿ ನಿಲ್ಲಿಸು," ಎನ್ನುತ್ತಿದ್ದಳು. ಎಲ್ಲಿ ನಿಲ್ಲಿಸಬೇಕೆಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಮೇಲೆ ಆ ಕಿವಿ ಚಿಲಕದ ಹಲ್ಲಿನತ್ತ ಹೊರಳಿತು. "ನಿನ್ನೇದಕ್ಕಿಂತ ಇವತ್ತಿಂದು ಮೆತ್ತಗಿದೆ ಕಣ್ರೀ," ಎಂದು ಅವಳು ಭಾವನಿಗೆ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಅವರ ಮನೆಯಲ್ಲಿ ಇಂದಿಗೂ ಯಾವ ಬಾಗಿಲೂ ಕಿರುಗುಟ್ಟುವುದಿಲ್ಲ. ನನ್ನ ಮನೆಯ ಬಾಗಿಲು ಕಿರುಗುಟ್ಟುತ್ತದೆ. ಹಟಕ್ಕೆ ನಾನು ಎಣ್ಣೆ ಬಿಟ್ಟಿಲ್ಲ.

ಬಾಗಿಲಿನ ಅಧ್ಯಾಯ ಬರೆಯುವ ಮುನ್ನ ಅವರ ಮನೆಗೆ ಹೋದೆ. ಭಾವ ಕಿಟಕಿಯ ಬಳಿ ಕೂತು ಕನ್ನಡಕದ ಕೀಲಿನ ತಿರುಪು ಬಿಗಿಮಾಡುತ್ತಿದ್ದರು. ಎಂಬತ್ತಾಗಿದೆ, ಬೆರಳು ನಡುಗುವುದಿಲ್ಲ.

"ಬಾರಯ್ಯ ಕೈಪಿಡಿ! ಚರಿತ್ರೆ ಎಲ್ಲಿಗೆ ಬಂತು?"

"ಬಾಗಿಲವರೆಗೆ ಬಂದಿದೆ ಭಾವ."

"ಹಾಗಾದ್ರೆ ಒಳಗೆ ಬಾ ಅನ್ನು."

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ನಾನು ಕೂತೆ.

"ಪತ್ರಿಕೆಯವನು ಬಂದ ದಿನ ನೀವು ಒಂದು ಮಾತಾಡಿದ್ರಿ. ಅದು ನಿಮಗೆ ಎಲ್ಲಿಂದ ಹೊಳೀತು?"

"ಯಾವ ಮಾತು?"

"ಯಾವ ಮಾತು ಅಂದ್ರೆ! ಊರ ತುಂಬಾ ಬೋರ್ಡ್ ಹಾಕಿದ್ದಾರಲ್ಲ, ಆ ಮಾತು."

"ಓ, ಅದಾ? ನಿನ್ನ ಪುಸ್ತಕದಲ್ಲೇ ಇತ್ತಲ್ಲಯ್ಯ."

ನಲವತ್ತಾರು ವರ್ಷ ನಾನು ಕಾದಿದ್ದ ಒಪ್ಪಿಗೆ ಅದು. ಅದನ್ನು ಅವರು ಕನ್ನಡಕದಿಂದ ತಲೆಯೆತ್ತದೆ ಹೇಳಿದ್ದರು.

"ಹಾಗಾದ್ರೆ ಅದು ನನ್ನ ಮಾತು," ಎಂದೆ.

"ನಿಂದೇ ಅಂತ ಇಟ್ಕೊ. ಯಾರು ಬೇಡ ಅಂದ್ರು? ಬರೆಯೋನು ನೀನು, ನಿನ್ನ ಹೆಸರೇ ಹಾಕ್ಕೊ. ನಂಗೆ ಬಾಗಿಲು ಸಾಕು."

ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಅಷ್ಟು ದೊಡ್ಡ ಹೆಸರು ತಂದ ಮಾತನ್ನ ಹೀಗೆ ಎತ್ತಿ ಕೊಟ್ಬಿಡ್ತೀರಾ?"

"ಕೊಟ್ರೆ ಏನಾಯ್ತೇ? ಹೊರಗಿನವನಾ ಇವನು?"

ಮರೆತುಹೋದ ಕೊಡೆಯನ್ನು ನೆಂಟನಿಗೆ ವಾಪಸು ಕೊಡುವಷ್ಟು ಸಲೀಸಾಗಿ ಅವರು ಆ ಸಾಲನ್ನು ನನಗೆ ಕೊಟ್ಟರು. ಅಕ್ಕ ಗಂಡನ ನೆತ್ತಿಯನ್ನು ನೋಡಿ ಮುಗುಳ್ನಕ್ಕಳು. ನನ್ನ ಯಾವ ಪದ್ಯಕ್ಕೂ ಅವಳ ಮುಖ ಹಾಗೆ ಬೆಳಗಿದ್ದಿಲ್ಲ. ನನ್ನದೇ ವಸ್ತು ನನ್ನ ಕೈಗೆ ಬಂದ ಕ್ಷಣದಲ್ಲೂ ಗೆದ್ದವರು ಅವರೇ ಆಗಿದ್ದರು.

ಹಾಗೆ ದಾನವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸಾಕ್ಷಿ ಬೇಕಿತ್ತು. ಮರುದಿನ ಬೆಳಿಗ್ಗೆ ಕಾರ್ಖಾನೆಯ ದಾಖಲೆ ಕೋಣೆಗೆ ಹೋದೆ. ಹಳೆಯ ಕಾಗದಗಳಿದ್ದದ್ದು ಯಜಮಾನರ ಕಾಲದ ಬೀರುವಿನಲ್ಲಿ. ಅದರ ಬಾಗಿಲು ಮೂರು ಸಲ ಜಗ್ಗಿದ ಮೇಲೆ ಕಿರುಚಿಕೊಂಡು ತೆರೆಯಿತು. ಕೈಪಿಡಿಯ ಕರಡಚ್ಚಿನ ಕಟ್ಟು ಮೇಲಿನ ಅರೆಯಲ್ಲೇ ಇತ್ತು. ದಾರ ಬಿಚ್ಚಿ ಹನ್ನೊಂದನೆಯ ಪುಟ ತೆಗೆದೆ.

ಅಚ್ಚಾಗಿದ್ದ ಸಾಲು ಇದು: "ವಾಹನದ ದ್ವಾರಗಳನ್ನು ಅನಗತ್ಯ ಬಲಪ್ರಯೋಗವಿಲ್ಲದೆ ಸಾವಧಾನವಾಗಿ ಮುಚ್ಚತಕ್ಕದ್ದು."

ಅದು ನನ್ನದು. ಸಂದೇಹವೇ ಬೇಡ.

ಅದರ ಮೇಲೆ ದಪ್ಪ ಪೆನ್ಸಿಲಿನ ಗೆರೆ. ತಗಡಿನ ಮೇಲೆ ಗುರುತು ಹಾಕುವ ಪೆನ್ಸಿಲು ಅದು. ಆ ಗೆರೆಯ ಕೆಳಗೆ ಒಂದಕ್ಕೊಂದು ತಾಗದ ಭಾವನ ಅಕ್ಷರಗಳು: "ಮೆಲ್ಲಗೆ ಹಾಕಿ ಸಾಕು." ಪಕ್ಕದ ಅಂಚಿನಲ್ಲಿ ಇನ್ನೊಂದು ಸಾಲು: "ಮುಚ್ಚೋದು ಕಾರ್ಖಾನೆ. ಬಾಗಿಲು ಹಾಕೋದು." ಹಾಳೆಯ ನಟ್ಟನಡುವೆ ಅಡ್ಡಲಾಗಿ ಬೆರಳಗಲದ ಕಪ್ಪು ಪಟ್ಟೆ, ಬಾಗಿಲಿನ ರಬ್ಬರು ಕಚ್ಚಿ ಹಿಡಿದ ಗುರುತು. ಎಳೆದರೂ ಜಾರಿ ಬಂದಿರಲಿಲ್ಲ ಎಂದು ತೋರುತ್ತದೆ. ಒಂದು ಮೂಲೆ ಹರಿದಿತ್ತು. ಹಾಳೆ ಸಿಕ್ಕಿಸಿ ನಿಂತವರು ಸುಮ್ಮನೆ ಕಣ್ಣಾಡಿಸಿ, ಓದಿ, ತಿದ್ದಿ, ನನ್ನ ಮೇಜಿಗೆ ಮರಳಿಸಿದ್ದರು.

ಆ ಪೆನ್ಸಿಲ್ ಸಾಲಿನ ಮಧ್ಯೆ, 'ಹಾಕಿ' ಆದ ಮೇಲೆ, ಕೆಂಪು ಶಾಯಿಯ ಒಂದು ಪುಟ್ಟ ಕೊಕ್ಕೆ. ಅಲ್ಪವಿರಾಮ. ಅದು ನನ್ನ ಪೆನ್ನು.

ನನ್ನ ನೆನಪು ಪೂರ್ತಿ ಸುಳ್ಳಾಡಿರಲಿಲ್ಲ. ಆ ಸಾಲಿನ ಮೇಲೆ ನನ್ನ ಕೈ ಒಂದು ಕ್ಷಣ ನಿಂತದ್ದು ನಿಜ. ಆ ಒಂದು ಕ್ಷಣವನ್ನು ನಲವತ್ತಾರು ವರ್ಷ ಬೆಳೆಸಿ ಬೆಳೆಸಿ ಇಡೀ ಸಾಲಿಗೇ ತಂದೆಯಾಗಿದ್ದೆ. ಹಾಳೆಯನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಸೇರಿಸಿದೆ. ಬೀರುವಿನ ಬಾಗಿಲನ್ನು ಭುಜ ಕೊಟ್ಟು ಬಡಿದೆ.

"ಹುಡುಕಿದ್ದು ಸಿಕ್ತಾ ಸರ್?" ಎಂದರು ಹೊರಗೆ ಎದುರಾದ ಮೇಡಂ.

"ಇಲ್ಲ," ಎಂದೆ.

ಒಂದು ವಾರ ಆ ಸುಳ್ಳಿನೊಂದಿಗೆ ಬದುಕಿದೆ. ಸಾಕ್ಷಿ ನನ್ನ ಜೇಬಿನಲ್ಲಿತ್ತು. ಭಾವ ತಾವಾಗಿ ಬಿಟ್ಟುಕೊಟ್ಟಿದ್ದರು. ನನ್ನ ಹೆಸರು ಬರೆದುಕೊಂಡರೆ ಕೇಳುವವರಿರಲಿಲ್ಲ. ಬರೆದೂ ಬರೆದೆ. ಆ ಸಾಲು ನನಗೆ ಹೇಗೆ ಹೊಳೆಯಿತೆಂಬುದಕ್ಕೆ ಒಂದು ಸಂಜೆಯನ್ನು ಕಲ್ಪಿಸಿದೆ, ಕಿಟಕಿಯೊಂದನ್ನು ಇಟ್ಟೆ, ಹಗುರಾದ ಗಾಳಿಯನ್ನೂ ಬೀಸಿಸಿದೆ. ಎಲ್ಲ ಸರಿಯಾಗಿತ್ತು, ಆದರೆ ಆ ಕಿಟಕಿಯ ಪಕ್ಕ ಕೂತವನು ಆ ಸಾಲನ್ನು ಬರೆಯುವ ಮನುಷ್ಯನಾಗಿರಲಿಲ್ಲ. ಅದಕ್ಕೆ ಒಡಹುಟ್ಟಿದ ಸಾಲು ಇನ್ನೊಂದು ಇದ್ದೀತೆಂದು ಕೈಪಿಡಿಯ ತೊಂಬತ್ತಾರು ಪುಟಗಳನ್ನೂ ಜಾಲಾಡಿದೆ. "ಪರಿಶೀಲಿಸತಕ್ಕದ್ದು." "ಅನುಸರಿಸತಕ್ಕದ್ದು." "ನಿಯತಕಾಲಿಕವಾಗಿ ಶುಚಿಗೊಳಿಸತಕ್ಕದ್ದು." ಕೈಪಿಡಿ ಬದಿಗಿಟ್ಟು ನನ್ನ ಎರಡು ಕವನ ಸಂಕಲನಗಳನ್ನೂ ತೆಗೆದೆ. ಅಲ್ಲಿ 'ತಕ್ಕದ್ದು' ಇರಲಿಲ್ಲ, ಅಷ್ಟೇ.

"ನಂಗೆ ಬಾಗಿಲು ಸಾಕು" ಎಂದಿದ್ದರು ಭಾವ, ತಿರುಪು ಬಿಗಿಮಾಡುತ್ತ. ಅದು ಒಡಹುಟ್ಟು. "ಒಳಗೆ ಬಾ ಅನ್ನು" ಎಂದಿದ್ದರು. ಅದೂ. ಆಡಿ ಮರೆತುಬಿಡುತ್ತಾರೆ, ಎತ್ತಿಟ್ಟುಕೊಳ್ಳಬೇಕೆಂದು ಅವರಿಗೆ ಹೊಳೆಯುವುದೂ ಇಲ್ಲ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲದಿರಬಹುದು, ಕಿವಿ ಮಾತ್ರ ಬಹಳ ಚುರುಕು: ನಲವತ್ತಾರು ವರ್ಷ ನಾನು ಅವರ ಮೇಲೆ ಉರಿದದ್ದು, ಆ ಸಾಲು ಅವರದೇ ಎಂದು ಎಲ್ಲೋ ಕೇಳಿಸಿಕೊಂಡಿದ್ದರಿಂದಲೇ ಇರಬೇಕು. ನನ್ನದೇ ಆಗಿದ್ದರೆ ಅಷ್ಟು ಚೆನ್ನಾಗಿದೆಯೆಂದು ನನಗೆ ಅನ್ನಿಸುತ್ತಿರಲಿಲ್ಲ.

ಕಿಟಕಿ, ಗಾಳಿ, ಸಂಜೆ ಎಲ್ಲವನ್ನೂ ಹೊಡೆದುಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆದೆ: ಹಾಳೆ, ರಬ್ಬರಿನ ಪಟ್ಟೆ, ಪೆನ್ಸಿಲು, ಬಾಗಿಲಯ್ಯ. ನನ್ನ 'ಮುಚ್ಚತಕ್ಕದ್ದು' ಸಾಲನ್ನೂ ಇದ್ದಂತೆಯೇ ಕೊಟ್ಟೆ, ಓದಿದವರು ನಗಲಿ. ಹಾಳೆಯನ್ನು ಮೇಡಂಗೆ ಒಪ್ಪಿಸಿದೆ. ಕೆಂಪು ಕೊಕ್ಕೆಯ ವಿಷಯ ಎಲ್ಲಿಯೂ ಎತ್ತಲಿಲ್ಲ. ಆದರೆ ಪುಸ್ತಕದಲ್ಲಿ ಆ ಮಾತು ಹತ್ತೊಂಬತ್ತು ಕಡೆ ಬರುತ್ತದೆ. ಹತ್ತೊಂಬತ್ತು ಕಡೆಯಲ್ಲೂ ಅಲ್ಪವಿರಾಮವನ್ನು ನನ್ನ ಕೈಯಿಂದಲೇ ಇಟ್ಟೆ.

ಮೇಡಂ ಫೋನ್ ಮಾಡಿದರು. "ಸರ್, ಆ ಕಾಮಾ ತೆಗೀಬಹುದಾ? ಈಗಿನ ಬೋರ್ಡಲ್ಲಿ ಇಲ್ವಲ್ಲ."

"ಬೇರೆ ಏನು ಬೇಕಾದ್ರೂ ತೆಗೀರಿ. ನನ್ನ ಹೆಸರು ಬೇಕಾದ್ರೂ ತೆಗೀರಿ."

ಸತ್ಯ ಬರೆದದ್ದರಿಂದ ಹೊಟ್ಟೆ ತಣ್ಣಗಾಯಿತೆಂದು ಹೇಳಲಾರೆ. ಅಚ್ಚಾದ ಪುಸ್ತಕ ಹಿಡಿದು ಅಕ್ಕನ ಮನೆಗೆ ಹೋದಾಗಲೂ, ಬೀದಿಯಲ್ಲಿ ಯಾರದೋ ಕಾರಿನ ಬಾಗಿಲು ಹಾಕಿದ ಸದ್ದಿಗೆ ಹಳೆಯ ಕಿಡಿ ಹಳೆಯ ಜಾಗದಲ್ಲೇ ಕದಲಿತು.

ಭಾವ ತಮ್ಮ ಅಧ್ಯಾಯ ತಿರುವಿ, ದಪ್ಪಕ್ಷರದ ತಲೆಬರಹ ನೋಡಿದರು. "ನಿನ್ನ ಹೆಸರು ಹಾಕ್ಕೊ ಅಂದ್ರೆ ನನ್ನ ಹೆಸರು ಹಾಕಿದ್ದೀಯಲ್ಲಯ್ಯ."

"ಹಾಳೆ ಸಿಕ್ತು ಭಾವ."

"ಯಾವ ಹಾಳೆ?" ಎಂದವರು, ಪುಟದಲ್ಲಿ ಅಚ್ಚಾಗಿದ್ದ ಹಾಳೆಯ ಚಿತ್ರ ನೋಡಿ ಜೋರಾಗಿ ನಕ್ಕರು. "ನೋಡೇ, ರಬ್ಬರ್ ಎಷ್ಟು ಬಿಗಿ ಕೂತಿದೆ! ಇದು ಹಿಂದಿನ ಎಡಗಡೆ ಬಾಗಿಲು." ತಮ್ಮ ಅಕ್ಷರವನ್ನು ಅವರು ನೋಡಲೇ ಇಲ್ಲ. ಪುಸ್ತಕವನ್ನು ಅಕ್ಕನತ್ತ ಚಾಚಿದರು. "ಓದು, ನನಗೆ ಇಷ್ಟು ಸಣ್ಣಕ್ಷರ ಕಾಣಲ್ಲ."

ಅಕ್ಕ ಪುಸ್ತಕವನ್ನು ಬೆಳಕಿಗೆ ಹಿಡಿದು ಓದತೊಡಗಿದಳು. ಹಗ್ಗದ ಕಾರಿಗೆ ನಕ್ಕಳು. ನನ್ನ 'ಮುಚ್ಚತಕ್ಕದ್ದು' ಬಂದಾಗ ನನ್ನ ಕಡೆ ಒಮ್ಮೆ ನೋಡಿ ಮುಂದೆ ಸಾಗಿದಳು. ಆಮೇಲೆ, "ಮೆಲ್ಲಗೆ ಹಾಕಿ," ಎಂದು ನಿಂತಳು.

ಗೋಡೆ ಗಡಿಯಾರ ಒಂದೋ ಎರಡೋ ಸಲ ಟಿಕ್ಕೆಂದಿತು.

"ಯಾಕೇ, ಉಬ್ಬಸಾನಾ?" ಎಂದರು ಭಾವ.

"ಸುಮ್ನಿರಿ," ಎಂದಳು ಅಕ್ಕ, ಪುಟದಿಂದ ಕಣ್ಣು ತೆಗೆಯದೆ. "ಇಲ್ಲಿ ನಿಲ್ಲಿಸು ಅಂತ ಇಟ್ಟಿದ್ದಾನೆ."