ಏಳನೇ ಅಧ್ಯಾಯದ ನಕಲು

ಗಡಿಯಾರ ರಿಪೇರಿಯವನಿಗೆ ಅಣಬೆಯ ಹುಚ್ಚು. ತಿನ್ನುವ ಹುಚ್ಚಲ್ಲ, ಓದುವ ಹುಚ್ಚು. ಅಮಲೇರಿಸುವ ಅಣಬೆಗಳನ್ನು ಯಾವ ಕಾಲದ ಜನ ಯಾಕೆ ತಿಂದರು, ತಿಂದು ಏನು ಕಂಡರು ಎಂದು ಇಪ್ಪತ್ತು ವರ್ಷ ಕೆದಕಿ ಏಳು ಅಧ್ಯಾಯ ಬರೆದಿದ್ದ. ಡಿಗ್ರಿಯಿಲ್ಲದ ಪಂಡಿತ, ಆದರೂ ನಾಳೆ ಗ್ರಂಥಾಲಯದಲ್ಲಿ ಅವನದೇ ಉಪನ್ಯಾಸ. ಅವನ ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ನಕಲು ಮಾಡಿಕೊಡುವವಳು ಜೊತೆಗಿದ್ದ ಅಕ್ಕ.

ಅಕ್ಕ ಮನೆ ಬಿಟ್ಟು ಹೊರಡುವವಳೇ ಅಲ್ಲ. ಹದಿನೆಂಟರಲ್ಲಿ, ಮದುವೆ ಗೊತ್ತಾಗಿದ್ದ ಮನೆಯವರು ಬಂದು ಕೂತಿದ್ದಾಗ, ಗೋಡೆ ಉಸಿರಾಡುತ್ತಿದೆ ಎಂದು ಬಿದ್ದು ಬಿದ್ದು ನಕ್ಕಿದ್ದಳು. ಸಂಜೆಗೆ ಸರಿಹೋದಳು. ಅಷ್ಟರಲ್ಲಿ ಮದುವೆ ಮುರಿದು, ಹುಚ್ಚಿ ಎಂಬ ಹೆಸರು ಅಂಟಿಕೊಂಡಿತ್ತು. ಎಲ್ಲಿ ಮರುಕಳಿಸುತ್ತದೋ ಎಂಬ ಹೆದರಿಕೆಯಲ್ಲಿ ನಲವತ್ತು ವರ್ಷ ಕಳೆದಳು.

ಆವತ್ತು ಅವಳ ತಟ್ಟೆಗೆ ಹಿತ್ತಲಿನ ಅಣಬೆ ಬೆರೆಸಿದ್ದವನು ಹನ್ನೊಂದು ವರ್ಷದ ತಮ್ಮ. ಮೊದಲು ಏಟಿಗೆ ಹೆದರಿ ಬಾಯಿ ಮುಚ್ಚಿದ, ಆಮೇಲೆ ನಾಚಿಕೆಗೆ, ಆಮೇಲೆ ಈಗ ಹೇಳಿ ಏನು ಬಂತು ಎಂದು. ಬರೆಯುವಾಗಲೂ ಗೋಡೆಯ ಮಾತು ಬಂದಲ್ಲೆಲ್ಲ ಹೊಡೆದುಹಾಕುತ್ತಿದ್ದ. ಏಳನೇ ಅಧ್ಯಾಯದಲ್ಲಿ ಮಾತ್ರ, ತನ್ನ ವಾಕ್ಯದ ಚೆಂದಕ್ಕೆ ತಾನೇ ಮರುಳಾಗಿ, ಮರೆತುಬಿಟ್ಟ.

ಮಧ್ಯಾಹ್ನ ಅಕ್ಕನ ಪೆನ್ನು ನಿಂತಿತು.

“ಗೋಡೆ ಉಸಿರಾಡಿದ ಹಾಗೆ ಕಾಣುತ್ತೆ, ಕೆಲವು ಗಂಟೇಲಿ ಇಳಿದುಹೋಗುತ್ತೆ ಅಂತ ಬರ್ದಿದೀಯಲ್ಲೋ.”

“ಹೂಂ.”

“ಆವತ್ತು ನಾನೇನು ತಿಂದಿದ್ದೆ?”

ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. ಜ್ಞಾಪಕವಿಲ್ಲ ಎಂದಿದ್ದರೆ ನಡೆದುಹೋಗುತ್ತಿತ್ತು.

“ಅಣಬೆ. ನಾನೇ ಬೆರೆಸಿದ್ದು, ಅಕ್ಕಾ. ಮದುವೆಯಾಗಿ ನಮ್ಮನ್ನ ಬಿಟ್ಟು ಹೋಗ್ತೀಯಲ್ಲ ಅಂತ ಸಿಟ್ಟು. ಹೊಟ್ಟೆ ಕೆಡಲಿ ಅಂತ ಹಾಕ್ದೆ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ.”

“ನನ್ನ ತಲೆ ನೆಟ್ಟಗಿದೆ ಅಂತ ಅವಳಿಗಾದ್ರೂ ಹೇಳಬಹುದಿತ್ತು. ಅದೇ ಕೊರಗಲ್ಲಿ ಹೋದಳು.”

ಅಣಬೆ ತಿಂದು ಹೀಗೆಲ್ಲ ಕಂಡವರನ್ನು ಕೆಲವು ಕಡೆ ಜನ ಪೂಜ್ಯರೆಂದು ನಡೆಸಿಕೊಂಡರು ಎಂದು ಅದೇ ಅಧ್ಯಾಯದಲ್ಲಿ ಬರೆದಿದ್ದ. ತನ್ನ ಮನೆಯಲ್ಲಿ ಹೇಗೆ ನಡೆಸಿಕೊಂಡರು ಎಂದು ಬರೆದಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಕ್ಕ ಹೊಸ ಹಾಳೆ ಎಳೆದುಕೊಂಡಳು. “ಹೇಳು, ಇದನ್ನೂ ಸೇರಿಸ್ತೀನಿ. ಹುಡುಗಿ, ಹದಿನೆಂಟು ವರ್ಷ. ಬೆರೆಸಿದೋರು ಯಾರು ಅಂತ ಬರೀಲಿ?”

“ತಮ್ಮ ಅಂತ ಬರಿ.”

ದುಂಡಗೆ ಬರೆದಳು. “ನಾಳೆ ಇದನ್ನ ಸಭೇಲಿ ಓದಬೇಕು.”

“ಓದ್ತೀನಿ.”

“ನಾನೂ ಬರ್ತೀನಿ. ಮುಂದಿನ ಸಾಲಲ್ಲೇ ಕೂತ್ಕೋತೀನಿ.” ಪೆನ್ನಿನ ಮುಚ್ಚಳ ಹಾಕಿದಳು. “ಹೊರಗೆ ಹಾಕ್ಕೊಂಡು ಹೋಗೋಕೆ ನನ್ನ ಹತ್ರ ಚಪ್ಪಲಿ ಇಲ್ಲ. ಹೋಗಿ ಒಂದು ಜೊತೆ ತಗೊಂಡ್ಬಾ.”

ಅವನು ಎದ್ದು ಬಾಗಿಲವರೆಗೆ ಹೋಗಿ ನಿಂತ. ಅಕ್ಕನ ಪಾದದ ಅಳತೆ ಅವನಿಗೆ ಗೊತ್ತಿರಲಿಲ್ಲ.