ಇನ್ನೂ ಹುಟ್ಟದ ಎರಡು ಟಗರು

ಆಯುಧಪೂಜೆಯ ದಿನ ದೇವಿರಮ್ಮನವರು ಮನೆಯ ಕುರಿ ಫಾರಂನ ಸರ್ವರ್ ಪೆಟ್ಟಿಗೆಯಿಂದ ನಾಲ್ಕೂ ಡಿಸ್ಕುಗಳನ್ನು ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮವಿಟ್ಟು, ಮಂಗಳಾರತಿಯಾದ ಮೇಲೆ ಕೈಗೆ ಸಿಕ್ಕ ಕ್ರಮದಲ್ಲಿ ಒಳಗೆ ತಳ್ಳಿದ್ದರು. ಮರುದಿನ ಸರ್ವರ್ ಏಳಲಿಲ್ಲ. ಸೋಮವಾರ ಇಡೀ ಕುಟುಂಬ ಮಳವಳ್ಳಿ ಕಡೆಯ ತಮ್ಮ ಊರಿನಿಂದ ಅದನ್ನು ಹೊತ್ತುಕೊಂಡು, ಮದ್ದೂರಿನಲ್ಲಿರುವ ನನ್ನ ಅಂಗಡಿಗೆ ಬಂದಿತು. ಕೆಟ್ಟ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವುದು ನನ್ನ ಕಸುಬು.

"ಟ್ರ್ಯಾಕ್ಟ್ರಿಗೆ ಮಾಡಿ ಇದ್ಕ್ ಬುಟ್ಬುಟ್ರೆ ಬೇಜಾರ್ ಮಾಡ್ಕಳಕಿಲ್ವಾ?" ಎಂದರು ದೇವಿರಮ್ಮ.

"ಈಗ ಮಾಡ್ಕೊಂಡದಲ್ಲ ಅತ್ತೆ," ಎಂದಳು ಸೊಸೆ ವನಜಾ. ಕುರಿ ಫಾರಂ ನಡೆಸುವವಳು ಅವಳೇ.

ವನಜಾಳ ಭಾವ ಮಹದೇವು ನಕ್ಕರು. "ನಮ್ಮವ್ವ ದನ ತೊಳ್ದಂಗ್ ತೊಳ್ದವ್ಳೆ ಕಣಮ್ಮ. ಕೊಂಬಿಗ್ ಬಣ್ಣ ಬಳೀದೆ ಬುಟ್ಟಿರೋದೇ ಪುಣ್ಯ."

ನಾಲ್ಕು ಡಿಸ್ಕುಗಳ ಇಂಥ ಪೆಟ್ಟಿಗೆ ನಾಲ್ವರು ಹೊರುವ ಪಲ್ಲಕ್ಕಿಯಂತೆ. ಒಬ್ಬ ಹೆಗಲು ತಪ್ಪಿಸಿದರೂ ಉಳಿದ ಮೂವರು ಹೊರುತ್ತಾರೆ. ಇಬ್ಬರು ಬಿಟ್ಟರೆ ಪಲ್ಲಕ್ಕಿ ನೆಲಕ್ಕೆ. ಇಲ್ಲಿ ಇಬ್ಬರು ಬಿಟ್ಟಿದ್ದರು. ಒಂದು ಡಿಸ್ಕು ಕೆಟ್ಟ ಕೂಡಲೇ ಪೆಟ್ಟಿಗೆ ಕೂಗಿ ಹೇಳುತ್ತದೆ. ಯಾರಿಗೂ ಕೇಳಿಸಲಿಲ್ಲವೇ ಎಂದು ವಿಚಾರಿಸಿದೆ.

"ಕೇಳ್ದೆ ಏನು? ಯುಗಾದಿ ಒತ್ನಲ್ಲಿ ಜೀರುಂಡೆ ತರ ಕಿರುಗುಟ್ತಿತ್ತು," ಎಂದರು ಮಹದೇವು. "ಯಾವ್ದೋ ಗುಂಡಿ ಒತ್ತಿ ಬಾಯ್ ಮುಚ್ಚಿಸ್ದೆ."

"ನಂಗ್ಯಾಕ್ ಯೋಳ್ಲಿಲ್ಲ ಭಾವ?"

"ಸುಮ್ಕಾಯ್ತಲ್ಲ, ಇನ್ನೇನ್ ಯೋಳದು?"

ಯುಗಾದಿಯಿಂದ ದಸರಾವರೆಗೆ ಮೂರು ಡಿಸ್ಕುಗಳೇ ಹೊತ್ತಿದ್ದವು. ಪೂಜೆಯ ದಿನ ಎರಡನೆಯದೂ ಕೈಕೊಟ್ಟಿತ್ತು. ಒದ್ದೆ ಬಟ್ಟೆಯಿಂದಲೇ ಎಂದು ನಾನು ಹೇಳಲಾರೆ. ಹೇಳಿದ್ದರೆ ಮಹದೇವು ತಾಯಿಯನ್ನು ಮುಂದಿನ ದಸರಾವರೆಗೂ ಬಿಡುತ್ತಿರಲಿಲ್ಲ.

ವನಜಾಗೆ ನಗುವ ಮನಸ್ಸಿರಲಿಲ್ಲ. ಎಂಟು ವರ್ಷದಿಂದ ಅವಳು ಬಂಡೂರು ಕುರಿಯ ತಳಿಯನ್ನು ಬೆರಕೆಯಾಗದಂತೆ ಕಾಯ್ದುಕೊಂಡು ಬಂದಿದ್ದಾಳೆ. ಯಾವ ಮರಿಗೆ ಯಾವ ಅಪ್ಪ, ಯಾವ ಅವ್ವ ಎಂಬುದೆಲ್ಲ ಸರ್ವರಿನಲ್ಲಿತ್ತು. ಈ ಸಲದ ಗಂಡುಮರಿಗಳು ಮಾರಾಟವಾಗಿ ಎರಡು ಉಳಿದಿದ್ದವು; ಎರಡೂ ಯುಗಾದಿಯ ನಂತರ ಹುಟ್ಟಿದವು, ಎರಡೂ ಒಂದೇ ಅಚ್ಚು. ಒಂದು ಹೊರಗಿನಿಂದ ತಂದ ಟಗರಿನ ಮಗ. ಇನ್ನೊಂದು ಮನೆಯ ಹಳೇ ಟಗರಿನ ಮಗ, ಅಂದರೆ ಮಂದೆಯ ಅರ್ಧ ಹೆಣ್ಣುಕುರಿಗಳಿಗೆ ಅಣ್ಣತಮ್ಮ. ಮೊದಲಿನದು ತಳಿಗೆ ಉಳಿಯಬೇಕು. ಎರಡನೆಯದು ಭಾನುವಾರ ಮಹದೇವು ಮಗಳು ದೀಪಿಕಳ ಬೀಗರೂಟಕ್ಕೆ. ಕಿವಿಯ ಬಿಲ್ಲೆಯಲ್ಲಿ ನಂಬರು ಮಾತ್ರ ಇತ್ತು. ಆ ನಂಬರು ಯಾರ ಮಗ ಎಂಬುದು ಡಿಸ್ಕಿನೊಳಗೆ.

"ಅದಲು ಬದಲಾಗಿ ಅಣ್ಣತಮ್ಮನ್ನೇ ಮಂದೆಗ್ ಬುಟ್ರೆ ಎಂಟ್ ವರ್ಸದ ಕೆಲ್ಸ ಮಣ್ಣಾಯ್ತದೆ ಮೇಡಂ," ಎಂದಳು.

"ಮೊಕ ನೋಡುದ್ರೆ ಗೊತ್ತಾಗಕಿಲ್ವಾ?" ಮಹದೇವು ಕೇಳಿದರು. "ನಮ್ ಗುಂಡ ಹೊರಗಡೆ ಟಗರಿನ ಮಗನೇ. ಆ ಗತ್ತು ನೋಡು. ಇನ್ನೊಂದ್ನ ಎಲೆಗಾಕವ."

"ಗುಂಡಂಗೆ ದಿನಾ ನಿಮ್ಮ ಕೈಯಾರೆ ಉಳ್ಳಿಕಾಳು ತಿನ್ನಿಸ್ತೀರಲ್ಲ, ಅದರ ಗತ್ತು ಅದು," ಎಂದಳು ವನಜಾ. ಎರಡರಲ್ಲಿ ಒಂದಕ್ಕೆ ಮಹದೇವು ಇಟ್ಟ ಹೆಸರು ಗುಂಡ.

ನಾನು ಮೊದಲು ಓದಲು ಸಿಕ್ಕ ಪ್ರತಿ ಡಿಸ್ಕಿನ ನಕಲು ತೆಗೆದೆ. ಮೂಲವನ್ನು ಆಮೇಲೆ ಮುಟ್ಟಬಾರದು. ಇದು ನಮ್ಮಲ್ಲಿ ಮಡಿಯಷ್ಟೇ ಕಟ್ಟುನಿಟ್ಟು. ನಂತರ ಯಾವ ಡಿಸ್ಕು ಯಾವ ಜಾಗದ್ದು ಎಂದು ಒಂದೊಂದು ಜೋಡಣೆಯನ್ನೂ ಪರೀಕ್ಷಿಸಿದೆ. ಕೆಟ್ಟ ಎರಡರಲ್ಲಿ ಒಂದು ಸುಲಭವಾಗಿ ಓದಿಕೊಟ್ಟಿತು. ಅದನ್ನೇ ಒಳ್ಳೆಯ ಎರಡರೊಂದಿಗೆ ಸೇರಿಸಿದೆ. ಗುರುವಾರ ಕಡತಗಳು ತೆರೆದವು. ವನಜಾ, ಮಹದೇವು ಇಬ್ಬರೂ ಓಡಿ ಬಂದರು.

ತಾಯಿ ಕುರಿಗಳಿದ್ದವು, ಅಜ್ಜಿ ಕುರಿಗಳಿದ್ದವು. ಯುಗಾದಿಯ ಈಚಿನದೆಲ್ಲ ಚೂರುಚೂರು.

"ಈ ಎರಡು ಟಗರು ಇದರಲ್ಲಿ ಇಲ್ಲ," ಎಂದೆ. "ಇದರ ಪ್ರಕಾರ ಅವು ಇನ್ನೂ ಹುಟ್ಟಿಲ್ಲ."

ಮಹದೇವು ಗಂಭೀರವಾಗಿ ಯೋಚಿಸಿದರು. "ಹುಟ್ಟೇ ಇಲ್ದಿದ್ನ ಕುಯ್ದ್ರೆ ಪಾಪ ಎಲ್ಲಿಂದ ಬತ್ತದವ್ವಾ?"

ತಪ್ಪು ನನಗೆ ಹೊಳೆಯಿತು. ಸಲೀಸಾಗಿ ಓದಿಕೊಟ್ಟದ್ದು ಯುಗಾದಿಯಲ್ಲೇ ಬಿಟ್ಟುಹೋದ ಡಿಸ್ಕು. ಊರು ಬಿಟ್ಟವನನ್ನು ಊರ ಸುದ್ದಿ ಕೇಳಿದರೆ ಅವನು ಹೊರಟ ದಿನದವರೆಗಿನದನ್ನೇ ಹೇಳುತ್ತಾನೆ. ನನಗೆ ಬೇಕಾಗಿದ್ದದ್ದು ಪೂಜೆಯ ದಿನ ಮಲಗಿದ ಇನ್ನೊಂದು. ಅದರ ಮೈಮೇಲೆ ಗಾಳಿಯಾಡಲು ಒಂದು ಸಣ್ಣ ರಂಧ್ರವಿದೆ. ಅದನ್ನು ಮುಚ್ಚಬಾರದೆಂದು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ದೇವಿರಮ್ಮನವರ ಕುಂಕುಮ ಕರಾರುವಾಕ್ಕಾಗಿ ಆ ರಂಧ್ರದ ಮೇಲೇ ಇತ್ತು. ನೋಡಿದರೆ ಹಣೆಯಂತೆ ಕಾಣುವ ಜಾಗ ಅದೇ, ಅವರನ್ನು ದೂರುವಂತಿಲ್ಲ.

ಕುಂಕುಮ ಬಿಡಿಸಿ, ಕಾಯಿಲೆಯವರಿಗೆ ಗಂಜಿ ಕುಡಿಸುವಂತೆ, ಸ್ವಲ್ಪ ಓದಿಸಿ, ತಣಿಯಲು ಬಿಟ್ಟು, ಮತ್ತೆ ಸ್ವಲ್ಪ ಓದಿಸಿದೆ. ಶನಿವಾರ ಬೆಳಿಗ್ಗೆಗೆ ಬೇಕಾದಷ್ಟು ಬಂದಿತ್ತು. ಈ ಸಲ ಎರಡೂ ಟಗರು ಹುಟ್ಟಿದ್ದವು.

ಇಬ್ಬರೂ ಮತ್ತೆ ಬಂದರು. ವನಜಾ ನಂಬರು ಹೇಳಿದಳು, ನಾನು ಹುಡುಕಿದೆ. ಗುಂಡ ಮನೆಯ ಹಳೇ ಟಗರಿನ ಮಗ.

ವನಜಾ ನಿರಾಳವಾದಳು. ಅವಳ ಮಂದೆ ಉಳಿದಿತ್ತು. ಮಹದೇವು ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದರು.

"ಇನ್ನೊಂದ್ಸಲ ನೋಡಿ. ಗುರುವಾರ ತಪ್ಪಾಗಿತ್ತಲ್ಲ?"

ಇನ್ನೊಂದು ಸಲ ನೋಡಿದೆ. ಗುರುವಾರದ ಕಡತಗಳೊಂದಿಗೆ ತಾಯಿ ಕುರಿಯ ನಂಬರೂ ತಾಳೆಯಾಯಿತು. ಅನುಮಾನಕ್ಕೆ ಎಡೆಯಿರಲಿಲ್ಲ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ನಾಳೆ ಯಾವುದನ್ನು ಕುಯ್ಯುವುದು ಎಂದು ಕೇಳಲು ಕಟುಕ.

"ಆಮೇಲ್ ಯೋಳ್ತೀನಿ ಇರ್ಲಾ," ಎಂದು ಇಟ್ಟರು.

"ಗುಂಡನ್ನ ಬೀಜ ಒಡೆಸಿ, ಮಂದೆಯಿಂದ ಆಚೆ ಕಟ್ಟಾಕಿ, ಮಡೀಕಳಿ ಭಾವ," ಎಂದಳು ವನಜಾ, ನಗು ತಡೆದುಕೊಂಡು. "ಬೀಗ್ರಿಗೆ ಪ್ಯಾಟೆಯಿಂದ ಮಾಂಸ ತರ್ಸಿ."

"ಕುರಿ ಫಾರಂ ಮಡಿಕಂಡು ಕಂಡೋರ್ ಕುರಿ ತಂದಾಕದಾ? ಮಾನ ಓಯ್ತದೆ. ಅದ್ಕಿಂತ ಕೋಳಿ ವಾಸಿ."

ಭಾನುವಾರ ನನ್ನನ್ನೂ ಕರೆದಿದ್ದರು. ಆತಗೂರಿನ ಬೀಗರು ಕೆಂಪಸಿದ್ದಯ್ಯ ಎಲೆಯ ಮುಂದೆ ಕೂತು, ಬಡಿಸಿದ್ದನ್ನು ಬೆರಳಿನಿಂದ ತಿರುಗಿಸಿ ನೋಡಿದರು.

"ಏನ್ ಬೀಗ್ರೇ, ಬಂಡೂರು ಟಗರು ಅಂತ ಊರಿಗೆಲ್ಲ ಸಾರಿದ್ರಿ. ಇದ್ಕೆ ರೆಕ್ಕೆ ಅದಲ್ಲ?"

ಸಾಲಿಗೆ ಸಾಲೇ ನಕ್ಕಿತು. ಸಾರಿನ ಬಕೆಟ್ಟು ಹಿಡಿದಿದ್ದ ಮಹದೇವು ನನ್ನ ಕಡೆ ಒಮ್ಮೆ ನೋಡಿ, "ಸರ್ವರ್ ಕೆಟ್ಟೋಗದೆ ಬೀಗ್ರೇ," ಎಂದರು. "ಯಾವ್ ಟಗರು ಯಾವ್ದು ಅಂತ ಗೊತ್ತಾಗ್ನೇ ಇಲ್ಲ. ಮದ್ದೂರಿನ್ ಮೇಡಮ್ಮೋರ ಕೈಲೂ ಆಗ್ಲಿಲ್ಲ."

ಎಲ್ಲರೂ ಕನಿಕರದಿಂದ ನನ್ನತ್ತ ತಿರುಗಿದರು. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ.